ಹೆಪ್ಪು ಹಿಡಿಯದ ಮನೆ

ನಮ್ಮ ಮನೆಯಲ್ಲಿ ಹಾಲು ಮೊಸರಾಗುವುದಿಲ್ಲ ಎಂಬುದನ್ನು ಓಬಳೇಶ ಮದುವೆಗೆ ಮೊದಲೇ ಹೇಳಿದ್ದ. ಹೆಣ್ಣು ನೋಡಲು ಬಂದವನು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, ಬೇರೆ ಗಂಡಸರು ಸಂಬಳ ಹೇಳುವ ದನಿಯಲ್ಲಿ ಅದನ್ನು ಹೇಳಿದ. ಹದಿನೈದನೆಯ ವಯಸ್ಸಿನಲ್ಲಿ ಅವನ ಮೇಲೆ ಒಂದು ಕೇಸಾಗಿತ್ತು, ಶಿಕ್ಷೆಯಾಗಿತ್ತು, ಅಂದಿನಿಂದ ಹೀಗೆ. ನಾನು ಬೇರೆ ಊರಿನವಳು, ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದವಳು. ನಾನು ಓದಿದ ಊರಿನಲ್ಲಿ ಕಳ್ಳನ ಮನೆಯಲ್ಲೂ ಜಡ್ಜ್ ಮನೆಯಲ್ಲೂ ಹಾಲು ಒಂದೇ ರೀತಿ ಮೊಸರಾಗುತ್ತಿತ್ತು. ಮೊಸರನ್ನು ಕೊಂಡರಾಯಿತು ಎಂದೆ. ಅವನು ನಕ್ಕ. ಆ ನಗುವಿಗೇ ಒಪ್ಪಿರಬೇಕು. ಈಗ ಸರಿಯಾಗಿ ನೆನಪಿಲ್ಲ.

ಬಂದ ಮೇಲೆ ತಿಳಿಯಿತು, ಈ ಊರಿನಲ್ಲಿ ಮೊಸರು ಕೊಳ್ಳುವುದು ಸುಲಭದ ಮಾತಲ್ಲ. ಕೋರ್ಟು ಯಾರನ್ನು ಅಪರಾಧಿ ಎಂದು ಬರೆದುಕೊಳ್ಳುತ್ತದೆಯೋ ಅವರು ಮಲಗಿದ ಸೂರಿನ ಕೆಳಗೆ ಹಾಲಿಗೆ ಹಾಕಿದ ಹೆಪ್ಪು ಹಿಡಿಯುವುದಿಲ್ಲ. ಹಾಲು ಒಡೆಯುವುದೂ ಇಲ್ಲ, ಹುಳಿಯಾಗುವುದೂ ಇಲ್ಲ. ಬೆಳಗ್ಗೆ ಮುಚ್ಚಳ ತೆಗೆದರೆ ಹಿಂದಿನ ದಿನದ ಹಾಲು ಹಾಗೆಯೇ ಸಿಹಿಯಾಗಿ ಇರುತ್ತದೆ. ಹೀಗಾಗಿ ಇಲ್ಲಿ ಮೊಸರು ಮಾರುವ ಅಂಗಡಿ ಒಂದೇ ಒಂದು. ಅದಕ್ಕೆ ಬಾಗಿಲು ಹಿಂದಿನ ಓಣಿಯಲ್ಲಿದೆ, ಹೋಗುವವರು ಪಾತ್ರೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುತ್ತಾರೆ. ಸಂಬಂಧ ಕೇಳಿಕೊಂಡು ಬಂದವರು ಕಾಫಿ ಬೇಡ, ಮಜ್ಜಿಗೆ ಕೊಡಿ ಎನ್ನುತ್ತಾರೆ. ಬಾಡಿಗೆಗೆ ಮನೆ ಕೊಡುವವರು ಈಗಿರುವ ಮನೆಯಿಂದ ಒಂದು ಬಟ್ಟಲು ಮೊಸರು ತನ್ನಿ ಎನ್ನುತ್ತಾರೆ. ಇದನ್ನು ಕೇಳುವಾಗ ಅವರ ಮುಖದಲ್ಲಿ ಎಂಥ ಮರ್ಯಾದೆ ಇರುತ್ತದೆಂದರೆ, ಕೇಳಿಸಿಕೊಂಡವರಿಗೂ ಅದು ತಪ್ಪು ಅನ್ನಿಸುವುದಿಲ್ಲ.

ಹಾಲಿಗೆ ತಪ್ಪು ಗೊತ್ತಿಲ್ಲ, ತೀರ್ಪು ಮಾತ್ರ ಗೊತ್ತು. ಊರಿನ ಸಹಕಾರಿ ಬ್ಯಾಂಕನ್ನು ಮುಳುಗಿಸಿದ ಅಧ್ಯಕ್ಷರ ಮೇಲಿನ ಕೇಸು ಎಷ್ಟೋ ವರ್ಷದಿಂದ ಮುಂದಕ್ಕೆ ಹೋಗುತ್ತಲೇ ಇದೆ. ತೀರ್ಪಾಗಿಲ್ಲ. ಅವರ ಮನೆಯ ಮೊಸರನ್ನು ಚಾಕುವಿನಲ್ಲಿ ಕತ್ತರಿಸಿ ಬಡಿಸುತ್ತಾರೆ. ಮದುವೆ ಮನೆಗಳಿಗೆ ಹೆಪ್ಪು ಅವರ ಮನೆಯಿಂದಲೇ ಹೋಗಬೇಕು, ಅದು ಶುಭ. ಓಬಳೇಶನ ಅಪರಾಧವೆಂದರೆ, ಪರೀಕ್ಷೆಯ ದಿನ ಇಬ್ಬರು ಗೆಳೆಯರ ಜೊತೆ ಸೇರಿ, ಶಾಲೆಯಲ್ಲಿ ಗಂಟೆಯೆಂದು ತೂಗುಹಾಕಿದ್ದ ರೈಲು ಕಂಬಿಯ ತುಂಡನ್ನು ಬಿಚ್ಚಿ ಬಾವಿಗೆ ಎಸೆದದ್ದು. ಸರ್ಕಾರಿ ಸ್ವತ್ತಿನ ಕಳ್ಳತನವೆಂದು ಕೇಸಾಯಿತು. ಗೆಳೆಯರ ಅಪ್ಪಂದಿರು ಯಾರು ಯಾರನ್ನೋ ಕಂಡು ಬಂದರು. ಓಬಳೇಶನಿಗೆ ಅಪ್ಪ ಇರಲಿಲ್ಲ. ಅವನು ಕೆಲವು ತಿಂಗಳು ಬಾಲಮಂದಿರದಲ್ಲಿದ್ದು ಬಂದ. ಆ ಇಬ್ಬರಲ್ಲಿ ಒಬ್ಬ ಈಗ ಅದೇ ಶಾಲೆಯ ಆಡಳಿತ ಮಂಡಳಿಯಲ್ಲಿದ್ದಾನೆ.

ನನ್ನ ಅತ್ತೆ ರುದ್ರಮ್ಮ. ಬೀದಿಯ ಭಜನಾ ಮಂಡಳಿಗೆ ಅವರೇ ಮುಖ್ಯಸ್ಥೆ. ಪ್ರತಿದಿನ ಮಲಗುವ ಮೊದಲು ಹಾಲು ಕಾಯಿಸಿ, ಆರಿಸಿ, ಎದುರು ಮನೆಯ ಶಾಂತವೀರಮ್ಮನಿಂದ ಕೇಳಿ ತಂದ ಹೆಪ್ಪು ಹಾಕುತ್ತಿದ್ದರು. ಆಗುವುದಿಲ್ಲವೆಂದು ಗೊತ್ತಿದ್ದೂ ಹಾಕುತ್ತಿದ್ದರು. ಬೆಳಗ್ಗೆ ಬೀದಿಯ ಹೆಂಗಸರು ನೀರು ಹಾಕಿ ರಂಗೋಲಿ ಇಡುವ ಹೊತ್ತಿಗೆ ಪಾತ್ರೆಯನ್ನು ಬಾಗಿಲಿಗೆ ತಂದು, ಮುಚ್ಚಳ ತೆಗೆದು, ಎಲ್ಲರಿಗೂ ಕೇಳುವಂತೆ, "ನೋಡಪ್ಪ ಓಬಳೇಶ, ನಿನ್ನ ಪುಣ್ಯ" ಎಂದು ಹಾಲನ್ನು ಚರಂಡಿಗೆ ಸುರಿಯುತ್ತಿದ್ದರು. ಹೆಂಗಸರು ಚುಚ್ ಅನ್ನುತ್ತಿದ್ದರು. ನಮ್ಮ ಚರಂಡಿಯ ಬೆಕ್ಕುಗಳು ಊರಿನಲ್ಲೇ ದಪ್ಪ.

ಓಬಳೇಶ ಒಳಗೆ ಹಲ್ಲುಜ್ಜುತ್ತಾ ಇದನ್ನು ಕೇಳಿಸಿಕೊಳ್ಳುತ್ತಿದ್ದ. ಅಮ್ಮನಿಗೆ ಎದುರು ಮಾತಾಡಿದ್ದು ನಾನು ಕಂಡಿಲ್ಲ. ಒಮ್ಮೆ ನಾನು ರೇಗಿದಾಗ, ತನ್ನಿಂದ ಅವಳಿಗೆ ಹೊರಗಿನ ಸುಖ ಏನೂ ಸಿಗಲಿಲ್ಲ, ಇಷ್ಟಾದರೂ ಅನ್ನಲಿ ಬಿಡು ಎಂದ. ಅದು ನಿಜವೆಂದು ಬೀದಿಯೆಲ್ಲ ಹೇಳುತ್ತಿತ್ತು. ರುದ್ರಮ್ಮ ಮನೆ ಬಿಟ್ಟು ಒಂದು ರಾತ್ರಿಯೂ ಹೊರಗೆ ಮಲಗಿದವರಲ್ಲ. ಮಂಡಳಿಯವರು ಯಾತ್ರೆಗೆ ಹೊರಟರೆ ಬಸ್ಸಿಗೆ ಬುತ್ತಿ ಕಟ್ಟಿಕೊಟ್ಟು ಹಿಂದೆ ಉಳಿಯುತ್ತಿದ್ದರು. ಸ್ವಂತ ತಂಗಿ ತೀರಿಕೊಂಡಾಗಲೂ ಮಣ್ಣು ಮುಗಿಸಿ ಸಂಜೆಯ ಬಸ್ಸಿಗೆ ಬಂದುಬಿಟ್ಟರು. ಹಾಳಾದ ಮಗನನ್ನು ಒಬ್ಬನೇ ಬಿಟ್ಟು ಹೋಗಲಾರದ ತಾಯಿ ಎಂದು ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಹಾಳಾದ ಮಗ ನೀರು ಸರಬರಾಜು ಇಲಾಖೆಯಲ್ಲಿ ಪಂಪ್ ನಡೆಸುತ್ತಿದ್ದ. ಕಣ್ಣೊರೆಸಿಕೊಂಡ ಮೇಲೆ ಅವರು ತೊಳೆಯುತ್ತಿದ್ದ ಮುಖಕ್ಕೆ ನೀರು ಬಿಡುತ್ತಿದ್ದವನು ಅವನೇ.

ಹದಿನೆಂಟು ತುಂಬಿದ ದಿನದ ಕಥೆಯನ್ನು ಅವನು ನನಗೆ ಒಂದೇ ಸಲ ಹೇಳಿದ್ದ. ಮಕ್ಕಳ ಮೇಲಿನ ತೀರ್ಪನ್ನು ಹದಿನೆಂಟಕ್ಕೆ ಕೋರ್ಟು ತಾನಾಗಿಯೇ ಅಳಿಸಬೇಕು, ಕಾಯಿದೆ ಹಾಗಿದೆ. ಅವನು ಸಂತೆಯಿಂದ ಹೊಸ ಮಡಕೆಯೊಂದನ್ನು ಕೊಂಡು ತಂದು, ನೆನೆಸಿ, ತೊಳೆದು, ತಾನೇ ಹಾಲು ಹಾಕಿ ಹೆಪ್ಪಿಟ್ಟ. ಬೆಳಗ್ಗೆ ನೋಡಿದರೆ ಹಾಲು. ಕೋರ್ಟಿಗೆ ಹೋಗಿ ಕೇಳಿದ. ಅಳಿಸಿ ಆಗಿದೆ ಎಂದರು. ಅಳಿಸಿದ್ದಕ್ಕೆ ಕಾಗದ ಕೊಡಿ ಎಂದ. ಅಳಿಸಿದ್ದಕ್ಕೆ ಕಾಗದ ಇಟ್ಟುಕೊಂಡರೆ ಅಳಿಸಿದ ಹಾಗೆ ಹೇಗಾಯಿತು ಎಂದು ಗುಮಾಸ್ತ ಕೇಳಿದ. ಇವರು ಸುಳ್ಳು ಹೇಳುತ್ತಾರೆ ಎಂದುಕೊಂಡು ಮನೆಗೆ ಬಂದ. ನಿನ್ನಂಥವನದನ್ನು ಕೋರ್ಟು ಅಳಿಸಿದರೂ ದೇವರು ಅಳಿಸುವುದಿಲ್ಲ ಎಂದು ಅತ್ತೆ ಹೇಳಿದರಂತೆ. ಮಡಕೆಯನ್ನು ಅಟ್ಟದ ಮೇಲೆ ಬೋರಲು ಹಾಕಿದ. ಮತ್ತೆ ಕೋರ್ಟಿನ ಹತ್ತಿರ ಹೋಗಲಿಲ್ಲ.

ಹೋದ ವರ್ಷ ಪಂಪ್ ಮನೆಯಲ್ಲಿ ಅವನಿಗೆ ಕರೆಂಟು ಹೊಡೆಯಿತು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದ. ಅತ್ತೆ ಬೆಳಗ್ಗೆ ಬಂದು ಅವನ ಕಾಲ ಬಳಿ ಕೂರುತ್ತಿದ್ದರು. ದೀಪ ಹಚ್ಚುವ ಹೊತ್ತಾಯಿತೆಂದರೆ ಎದ್ದು ಮನೆಗೆ ಹೊರಡುತ್ತಿದ್ದರು. ಅವನು ಹೋದದ್ದು ಅವರು ಹೊರಟ ಮೇಲೆ. ಈ ಹೆಂಗಸಿನ ಎದೆ ಕಲ್ಲು ಎಂದು ನಾನು ಆಗ ಅಂದುಕೊಂಡೆ. ಅದಕ್ಕಿಂತ ಹೆಚ್ಚು ಯೋಚಿಸುವ ಶಕ್ತಿ ಇರಲಿಲ್ಲ.

ಅವನು ಹೋದ ಮೇಲೂ ಹಾಲು ಮೊಸರಾಗಲಿಲ್ಲ. ಇದರಲ್ಲಿ ಯಾರಿಗೂ ಆಶ್ಚರ್ಯ ಕಾಣಲಿಲ್ಲ. ಬದುಕಿದ್ದವರಾದರೆ ಬೇರೆ ಕಡೆ ಕಳಿಸಬಹುದು, ಸತ್ತವರನ್ನು ಎಲ್ಲಿಗೆ ಕಳಿಸುವುದು, ಅವರು ಮನೆಯಲ್ಲೇ ಇರುತ್ತಾರೆ, ಕೋರ್ಟು ಅಳಿಸುವವರೆಗೆ ಅವರ ಕಳಂಕವೂ ಇರುತ್ತದೆ ಎಂಬುದು ಊರಿನ ತಿಳಿವಳಿಕೆ. ಇದನ್ನು ಯಾರು ಕಂಡುಹಿಡಿದರೋ ಗೊತ್ತಿಲ್ಲ, ವಕೀಲರಿಗೆ ಮಾತ್ರ ಒಳ್ಳೆಯದಾಗಿದೆ. ಸತ್ತವರ ಅರ್ಜಿಗಳಿಗೆಂದೇ ಕೋರ್ಟಿನಲ್ಲಿ ಪ್ರತಿ ಗುರುವಾರ ಬೇರೆ ಬೆಂಚು ಕೂರುತ್ತದೆ. ಅತ್ತೆ ಚರಂಡಿಯ ಮುಂದೆ ತಮ್ಮ ಮಾತಿಗೆ ಸ್ವಲ್ಪ ಸೇರಿಸಿದರು: "ನೋಡಪ್ಪ ಓಬಳೇಶ, ನಿನ್ನ ಪುಣ್ಯ. ಹೋದರೂ ಬಿಡಲಿಲ್ಲ."

ಇಲಾಖೆಯವರು ನನಗೆ ಅನುಕಂಪದ ಆಧಾರದ ಮೇಲೆ ಕೆಲಸ ಕೊಡುತ್ತೇವೆಂದರು. ಮೀಟರ್ ವಿಭಾಗದಲ್ಲಿ ಗುಮಾಸ್ತೆ. ಅನುಕಂಪಕ್ಕೆ ಮೊದಲು ಹಾಲಿನ ಪರೀಕ್ಷೆ ಆಗಬೇಕು. ತಪಾಸಣೆಯ ಸಾಹೇಬರು ಸಂಜೆ ಬಂದು, ಸತ್ತವರ ಮನೆಯ ಅಡುಗೆಮನೆಯಲ್ಲೇ ಹೆಪ್ಪು ಹಾಕಿ, ಪಾತ್ರೆಗೆ ಅರಗಿನ ಮೊಹರು ಒತ್ತಿ, ಬೆಳಗ್ಗೆ ಬಂದು ಒಡೆದು ನೋಡುತ್ತಾರೆ. ಬೇರೆ ಮನೆ ಹಿಡಿದರೆ ನಡೆಯುವುದಿಲ್ಲ. ಮೊಸರಾಗದಿದ್ದರೆ ಆ ಜಾಗ ಮುಂದಿನ ವಿಧವೆಗೆ. ಇದು ತಪ್ಪಿದರೆ ನನಗೆ ಉಳಿದಿದ್ದದ್ದು ಅಣ್ಣನ ಮನೆ. ಅಲ್ಲಿ ಅತ್ತಿಗೆ ಆಗಲೇ ಉಗ್ರಾಣದ ಮೂಟೆಗಳನ್ನು ಒಂದು ಪಕ್ಕಕ್ಕೆ ಸರಿಸಿ ಚಾಪೆಯ ಅಗಲ ನೋಡಿಟ್ಟಿದ್ದರು. ಅತ್ತೆಗೆ ಅದೂ ಇರಲಿಲ್ಲ. ಹೀಗೆ ನಾನು ಪಾಲಾಕ್ಷಪ್ಪ ವಕೀಲರ ಬಳಿ ಹೋಗಿ, ಸತ್ತ ನನ್ನ ಗಂಡನ ಬಾಲಾಪರಾಧವನ್ನು ಅಳಿಸಿಕೊಡಿ ಎಂದು ಅರ್ಜಿ ಹಾಕಿದೆ.

ಪಾಲಾಕ್ಷಪ್ಪನವರು ನನ್ನ ಓದಿಗೆ ಬಹಳ ಮರ್ಯಾದೆ ತೋರಿಸಿದರು. "ಎಂ.ಎ. ಓದಿದ ಹೆಣ್ಣುಮಗಳು ನೀವು, ನಿಮಗೆ ನಾನು ವಿವರಿಸಬೇಕೇ?" ಎಂದು, ಏನನ್ನೂ ವಿವರಿಸಲಿಲ್ಲ. ಫೋಟೋ ಒಂದು ತನ್ನಿ, ದೊಡ್ಡದು, ಹಾರ ಇರಲಿ ಎಂದರು.

ಗುರುವಾರದ ಬೆಂಚಿನಲ್ಲಿ ಸತ್ತವರ ಫೋಟೋವನ್ನು ಕಟಕಟೆಯಲ್ಲಿ ನಿಲ್ಲಿಸುತ್ತಾರೆ. ಅದಕ್ಕೆಂದೇ ಒಂದು ಎತ್ತರದ ಸ್ಟೂಲಿದೆ. ಕೂಗುವವನು ಮೂರು ಸಲ ಹೆಸರು ಕೂಗುತ್ತಾನೆ. ಆಮೇಲೆ ಬೆಂಚ್ ಕ್ಲರ್ಕ್ ಎದ್ದು ಫೋಟೋವನ್ನು, "ನಡತೆ ತಿದ್ದಿಕೊಂಡಿದ್ದೀಯಾ?" ಎಂದು ಕೇಳುತ್ತಾನೆ. ಫೋಟೋ ಸುಮ್ಮನಿರುತ್ತದೆ. ವಿರೋಧವಿಲ್ಲ ಎಂದು ಬರೆದುಕೊಳ್ಳುತ್ತಾನೆ. ನನಗಿಂತ ಮೊದಲು ಒಬ್ಬ ಮುದುಕನದಾಯಿತು. ಅವನ ಮಗ ಫೋಟೋವನ್ನು ತಲೆಕೆಳಗಾಗಿ ಇಟ್ಟಿದ್ದ. ನ್ಯಾಯಾಧೀಶರು ಅದನ್ನು ಸರಿಪಡಿಸಲು ಹೇಳಿ, ನ್ಯಾಯಾಲಯಕ್ಕೆ ಗೌರವ ಕೊಡುವುದನ್ನು ಕಲಿಯಬೇಕು ಎಂದರು. ಯಾರಿಗೆ ಹೇಳಿದರೆಂದು ತಿಳಿಯಲಿಲ್ಲ.

ಓಬಳೇಶನ ಫೋಟೋ ಅವನ ಇಲಾಖೆಯ ಗುರುತಿನ ಚೀಟಿಯಿಂದ ತೆಗೆಸಿದ್ದು. ಕಿವಿ ದೊಡ್ಡದಾಗಿ ಬಂದಿತ್ತು. ನಡತೆ ತಿದ್ದಿಕೊಂಡಿದ್ದೀಯಾ ಎಂದು ಕೇಳಿದಾಗ ಅವನು ಎಂದಿನಂತೆ ಎದುರು ಮಾತಾಡಲಿಲ್ಲ. ನ್ಯಾಯಾಧೀಶರು ಹಾಳೆ ತಿರುಗಿಸಿದರು, ಮತ್ತೆ ತಿರುಗಿಸಿದರು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಇವರ ಹೆಸರಿನಲ್ಲಿ ಏನೂ ಇಲ್ಲವಲ್ಲಮ್ಮ. ಹದಿನೆಂಟು ತುಂಬಿದ ದಿನವೇ ಅಳಿಸಿದ್ದಾರೆ. ಅಳಿಸಿದ್ದನ್ನು ಮತ್ತೆ ಅಳಿಸುವ ಅಧಿಕಾರ ನನಗಿಲ್ಲ."

ಅರ್ಜಿ ವಜಾ ಆಯಿತು. ಹೊರಗೆ ಪಾಲಾಕ್ಷಪ್ಪನವರು ಧೈರ್ಯಗೆಡಬೇಡಿ ಎಂದರು. ಅಳಿಸಿಹೋದ ದಾಖಲೆಯನ್ನು ಮೊದಲು ಮರಳಿ ಸೃಷ್ಟಿಸಿಕೊಡಬೇಕೆಂದು ಒಂದು ಅರ್ಜಿ ಹಾಕೋಣ, ಅದು ಮಂಜೂರಾದರೆ ಅದನ್ನು ಅಳಿಸಲು ಇನ್ನೊಂದು ಹಾಕೋಣ, ಹಿಂದೆ ಹೀಗೆ ಮಾಡಿ ಗೆದ್ದಿದ್ದೇನೆ ಎಂದರು. ನಾನು ಫೋಟೋವನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ ಹತ್ತಿದೆ. ಕಂಡಕ್ಟರ್ ಹಾರ ನೋಡಿ ಯಾರನ್ನೋ ಎಬ್ಬಿಸಿ ಜಾಗ ಕೊಡಿಸಿದ.

ಕಿಟಕಿ ಪಕ್ಕ ಕೂತು ಲೆಕ್ಕ ಹಾಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವನ ತೀರ್ಪು ಅಂದೇ ಅಳಿಸಿತ್ತು, ಹಾಲು ಮಾತ್ರ ಅಂದಿನಿಂದ ಇಂದಿನವರೆಗೂ ಮೊಸರಾಗಿಲ್ಲ. ನಾನು ಬರುವ ಮೊದಲು ಆ ಸೂರಿನ ಕೆಳಗೆ ಮಲಗುತ್ತಿದ್ದವರು ಇಬ್ಬರೇ. ಒಬ್ಬನ ಫೋಟೋ ನನ್ನ ತೊಡೆಯ ಮೇಲಿತ್ತು. ಇನ್ನೊಬ್ಬರು ಒಂದು ರಾತ್ರಿಯೂ ಹೊರಗೆ ಮಲಗದವರು. ಮಲಗಿದ್ದರೆ ಆ ರಾತ್ರಿ ಮೊಸರಾಗಿಬಿಡುತ್ತಿತ್ತು. ಇಷ್ಟು ಸರಳವಾದದ್ದು ಒಂದು ಬೀದಿಗೆ, ಒಂದು ಭಜನಾ ಮಂಡಳಿಗೆ, ಒಂದು ಕೋರ್ಟಿಗೆ ಹೊಳೆಯಲಿಲ್ಲ. ಅವರಿಗೆಲ್ಲ ಉತ್ತರ ಮೊದಲೇ ಸಿಕ್ಕಿತ್ತು.

ಅತ್ತೆ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ಫೋಟೋವನ್ನು ಗೂಟಕ್ಕೆ ತೂಗುಹಾಕಿ, ನಿಮ್ಮ ಮಗನ ಹೆಸರಿನಲ್ಲಿ ಏನೂ ಇಲ್ಲವಂತೆ, ಹದಿನೆಂಟಕ್ಕೇ ಅಳಿಸಿದ್ದಾರಂತೆ ಎಂದೆ. ಕೋರ್ಟಿನವರಿಗೇನು ಗೊತ್ತು ಎಂದರು. ಮೊರದಿಂದ ಕಣ್ಣೆತ್ತಲಿಲ್ಲ.

"ಅತ್ತೆ, ನೀವು ಯಾತ್ರೆಗೆ ಯಾಕೆ ಹೋಗಲಿಲ್ಲ?"

ಅವರ ಬೆರಳು ನಿಂತಿತು. ಒಂದು ಕಲ್ಲನ್ನು ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಹೊರಗೆ ಎಸೆದು, ಯಾರದೋ ಮನೆಯ ಸುದ್ದಿ ಹೇಳುವವರಂತೆ ಹೇಳಿದರು. ಓಬಳೇಶ ಬಾಲಮಂದಿರದಲ್ಲಿದ್ದಾಗ, ಅವರ ತಮ್ಮ ಮಲ್ಲಣ್ಣನ ಜಮೀನಿನ ಕೇಸು ಪಕ್ಕದ ತಾಲ್ಲೂಕಿನ ಕೋರ್ಟಿನಲ್ಲಿ ನಡೆಯುತ್ತಿತ್ತು. ಬೇಲಿ ಮೊದಲಿನಿಂದಲೂ ಅಲ್ಲೇ ಇತ್ತು, ನಾನು ಕಣ್ಣಾರೆ ಕಂಡಿದ್ದೇನೆ ಎಂದು ಸಾಕ್ಷಿ ಹೇಳಬೇಕೆಂದು ತಮ್ಮ ಕೇಳಿದ. ಹೇಳಿದರು. ಬೇಲಿ ಹಿಂದಿನ ತಿಂಗಳು ಹಾಕಿದ್ದೆಂದು ಎದುರಿನ ವಕೀಲ ತೋರಿಸಿಬಿಟ್ಟ. ಸುಳ್ಳು ಸಾಕ್ಷಿಗೆ ದಂಡ, ಮತ್ತು ಕೋರ್ಟು ಏಳುವವರೆಗೆ ಸಜೆ. ಅಂದರೆ ಕೋರ್ಟಿನ ಒಂದು ಮೂಲೆಯಲ್ಲಿ ಸಂಜೆಯವರೆಗೆ ಕೂತಿರುವುದು. ಕೂತಿದ್ದರು. ಕಾವಲಿನವಳು ಅರ್ಧ ಬಾಳೆಹಣ್ಣು ಕೊಟ್ಟಳಂತೆ. ಸಂಜೆ ಬಸ್ ಹಿಡಿದು ಬಂದರು, ಯಾರಿಗೂ ತಿಳಿಯಲಿಲ್ಲ.

"ಅವನು ಬಾಲಮಂದಿರದಿಂದ ಬಂದ. ಹೇಗೂ ಹಾಲು ಮೊಸರಾಗ್ತಿರಲಿಲ್ಲ. ಎಲ್ಲಾ ಅವನದೇ ಅಂದ್ರು. ನಾನೂ ಅಂದೆ."

"ಹದಿನೆಂಟಾದಾಗ?"

"ಆಗ ಹೇಳ್ಬೇಕಿತ್ತು. ಅಷ್ಟೊತ್ತಿಗೆ ಬಾಯಿಗೆ ರೂಢಿ ಆಗಿತ್ತು." ಮೊರವನ್ನು ಒಮ್ಮೆ ಕೇರಿದರು. "ಅವನು ಗಂಡು ಕಣೆ ವೇದಾ. ಗಂಡಸಿಗೆ ಒಂದು ಹೆಸರು ಅಂಟಿಕೊಂಡ್ರೆ ನಡೀತದೆ. ಕೆಲಸ ಸಿಕ್ತು, ನೀನು ಸಿಕ್ಕಿದೆ. ನಾನು ಗಂಡ ಇಲ್ಲದೋಳು. ನನಗೆ ನಡೀತಿರಲಿಲ್ಲ."

ಹೇಳಲು ನನಗೂ ಇತ್ತು. ಆದರೆ ಅವರು ಹೇಳಿದ್ದರಲ್ಲಿ ಅರ್ಧ ನಿಜವಿತ್ತು, ಅದು ನನ್ನ ಸಿಟ್ಟಿಗೆ ಅಡ್ಡ ಬಂತು. ಆ ದಿನ ಅವರು ಎಂದಿನಂತೆ ಹೆಪ್ಪು ತರಲು ಶಾಂತವೀರಮ್ಮನ ಮನೆಗೆ ಹೋದರು, ಎಂದಿನಂತೆ ನಗುತ್ತಾ ಮಾತಾಡಿಕೊಂಡು ಬಂದರು. ಬೆಳಗ್ಗೆ ಚರಂಡಿಯ ಮುಂದೆ ಓಬಳೇಶನ ಹೆಸರು ಹೇಳಿದರು. ದನಿ ಸ್ವಲ್ಪ ಸಣ್ಣದಾಗಿತ್ತು. ಚುಚ್ ಅನ್ನುವವರು ಅನ್ನುವಷ್ಟೇ ಅಂದರು.

ನಾನು ಮತ್ತೆ ಪಾಲಾಕ್ಷಪ್ಪನವರ ಬಳಿ ಹೋದೆ. ಯಾರದೆಂದು ಹೇಳದೆ, ಬದುಕಿರುವವರ, ವಯಸ್ಸಾದವರ ತೀರ್ಪನ್ನು ಅಳಿಸುವುದು ಹೇಗೆ ಎಂದು ಕೇಳಿದೆ. ಮಕ್ಕಳದನ್ನು ಕೋರ್ಟು ತಾನಾಗಿ ಅಳಿಸುತ್ತದೆ, ದೊಡ್ಡವರದನ್ನು ಅವರೇ ಬಂದು ಕೇಳಬೇಕು ಎಂದರು. ತುಂಬಿದ ಕೋರ್ಟಿನಲ್ಲಿ ಕಟಕಟೆ ಹತ್ತಿ, ತಾನು ಮಾಡಿದ್ದನ್ನು ಗಟ್ಟಿಯಾಗಿ ಹೇಳಬೇಕು. ಹಿಂದಿನ ಸಾಲಿನವರಿಗೆ ಕೇಳಿಸದಿದ್ದರೆ ಮತ್ತೊಮ್ಮೆ. ಹಿಂದಿನ ಸಾಲಿನವರಿಗೆ ಎಂದೂ ಕೇಳಿಸುವುದಿಲ್ಲ. ಅದೂ ಅಲ್ಲದೆ ಸರದಿ ಬರಲು ಎರಡು ವರ್ಷ. ಹಾಲಿನ ಪರೀಕ್ಷೆ ಮುಂದಿನ ಸೋಮವಾರ ಇತ್ತು.

ಇನ್ನೊಂದು ದಾರಿ ಊರಿಗೆಲ್ಲ ಗೊತ್ತಿದ್ದದ್ದು. ಪರೀಕ್ಷೆಯ ದಿನ ಕಳಂಕ ಇರುವವರು ಮನೆಯಲ್ಲಿ ಮಲಗದಿದ್ದರಾಯಿತು. ಆ ರಾತ್ರಿ ಯಾರು ಎಲ್ಲಿ ಮಲಗಿದರೆಂದು ಇಲಾಖೆ ಕೇಳುವುದಿಲ್ಲ. ಕೇಳುವುದಕ್ಕೆ ಬೀದಿ ಇದೆಯಲ್ಲ. ಆದರೆ ಅಂಥವರನ್ನು ಯಾರ ಮನೆಯೂ ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಂಡರೆ ಆ ಮನೆಯ ಹಾಲೂ ಹಾಲಾಗಿಯೇ ಉಳಿಯುತ್ತದೆ. ಅವರಿಗೆಂದೇ ಬಸ್ ನಿಲ್ದಾಣದ ಬಳಿ ಒಂದು ಛತ್ರವಿದೆ. ಸಂಜೆ ಚೀಲ ಹಿಡಿದು ಯಾರಾದರೂ ಆ ಕಡೆ ನಡೆದರೆ ಬೀದಿಗೆ ಬೀದಿಯೇ ಬಾಗಿಲಿಗೆ ಬರುತ್ತದೆ. ಕಟಕಟೆಯಲ್ಲಿ ಹೇಳಿದ್ದಾದರೂ ಹಿಂದಿನ ಸಾಲಿಗೆ ಕೇಳಿಸುವುದಿಲ್ಲ. ಚೀಲ ಎಲ್ಲರಿಗೂ ಕಾಣುತ್ತದೆ.

ಇದನ್ನು ನಾನು ಅತ್ತೆಗೆ ಹೇಳಲಿಲ್ಲ. ಪರೀಕ್ಷೆಯ ದಿನವನ್ನು ಮಾತ್ರ ಹೇಳಿದೆ. ಕೆಲಸ ಸಿಗದಿದ್ದರೆ ಮಂಗಳವಾರದ ಬಸ್ಸಿಗೆ ಅಣ್ಣನ ಮನೆಗೆ ಹೋಗುತ್ತೇನೆ, ಆಮೇಲೆ ನೀವು ಹೇಗೋ ನೋಡಿಕೊಳ್ಳಿ ಎಂದೆ. ಅವರು ಭಾನುವಾರ ಬೆಳಗ್ಗೆ ಒಳ್ಳೆಯ ಸೀರೆ ಉಟ್ಟು ಮಲ್ಲಣ್ಣನ ಮನೆಗೆ ಹೋದರು. ಒಂದು ರಾತ್ರಿ ಇರಿಸಿಕೊಳ್ಳೋ, ತಮ್ಮನ ಮನೆಗೆ ಹೋಗುತ್ತೇನೆಂದು ಹೇಳಿಕೊಂಡು ಬಂದರೆ ಯಾರೂ ಅನುಮಾನ ಪಡುವುದಿಲ್ಲ ಎಂದು ಕೇಳಲು ಹೋಗಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು. ಯಾರ ಬೇಲಿಗಾಗಿ ಸುಳ್ಳು ಹೇಳಿದ್ದರೋ ಅವನು ಆ ಬೇಲಿಯ ಆಚೆಯಿಂದಲೇ ಮಾತಾಡಿಸಿದ. ಮಗಳಿಗೆ ಗಂಡು ನೋಡುತ್ತಿದ್ದೇವೆ ಅಕ್ಕಾ, ಮಜ್ಜಿಗೆ ಕೇಳಿಕೊಂಡು ಯಾವ ದಿನ ಯಾರು ಬರುತ್ತಾರೋ ಎಂದ. ತೆಂಗಿನಕಾಯಿ ಎರಡು ಕೊಟ್ಟು ಕಳಿಸಿದ. ಅತ್ತೆ ಕಾಯಿಗಳನ್ನು ಅಡುಗೆಮನೆಯ ಮೂಲೆಯಲ್ಲಿಟ್ಟು ಸೀರೆ ಬದಲಿಸಿದರು.

ಸೋಮವಾರ ಸಂಜೆ ತಪಾಸಣೆಯ ನಜೀರ್ ಸಾಹೇಬರು ಬಂದರು. ದಪ್ಪನೆಯ ಮನುಷ್ಯ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಇಲಾಖೆಯ ಹಾಲು, ಇಲಾಖೆಯ ಹೆಪ್ಪು, ಪಾತ್ರೆ ಮಾತ್ರ ಮನೆಯದಾಗಬೇಕು ಎಂದರು. ನಾನು ಅಟ್ಟ ಹತ್ತಿ ಓಬಳೇಶನ ಮಡಕೆ ಇಳಿಸಿದೆ. ಜೇಡರ ಬಲೆ ತೊಳೆದೆ. ಅತ್ತೆ ಅದನ್ನು ಗುರುತಿಸಿದರು. ಬಾಗಿಲ ಪಕ್ಕಕ್ಕೆ ಹೋಗಿ ಗೋಡೆಗೆ ಕೈ ಕೊಟ್ಟು ನಿಂತರು.

"ಯಾವ ಮಡಕೆಯಾದರೂ ಒಂದೇ ಬಿಡಿ ತಾಯಿ," ಎಂದರು ಸಾಹೇಬರು, ಅರಗು ಕರಗಿಸುತ್ತಾ. "ನಾನು ಬೆಳ್ಳಿ ಪಾತ್ರೆಯಲ್ಲೂ ಹಾಲನ್ನೇ ನೋಡಿದ್ದೇನೆ."

ಮೊಹರು ಒತ್ತಿ ಅವರು ಹೊರಟ ಮೇಲೆ ಮನೆಯಲ್ಲಿ ಅರಗಿನ ವಾಸನೆ ಉಳಿಯಿತು. ಅತ್ತೆ ಭಜನೆಗೆ ಹೊರಡುವ ಹೊತ್ತು. ಹೊರಡಲಿಲ್ಲ. ಒಳಕೋಣೆಯಲ್ಲಿ ಏನನ್ನೋ ಮಡಚುತ್ತಿದ್ದರು. ನಾನು ಒಲೆಯ ಮುಂದೆ ಕೂತು ಅನ್ನಕ್ಕೆ ನೀರಿಟ್ಟೆ, ಇಬ್ಬರಿಗೆ. ಅವರು ಉಳಿಯುತ್ತಾರೆಂದೇ ನನಗೆ ಅನ್ನಿಸಿತ್ತು. ಮಗನ ಸಾವಿಗೂ ಮನೆ ಬಿಡದವರು ಸೊಸೆಯ ಗುಮಾಸ್ತಗಿರಿಗೆ ಬಿಡುತ್ತಾರೆಯೇ?

ಹೊರಬಂದಾಗ ಕೈಯಲ್ಲಿ ಓಬಳೇಶನ ಕೆಲಸದ ಚೀಲವಿತ್ತು, ಇಲಾಖೆಯ ಹೆಸರಿರುವ ಖಾಕಿ ಚೀಲ. ಮನೆಯಲ್ಲಿ ಬೇರೆ ಚೀಲ ಇರಲಿಲ್ಲ, ಅವರು ಎಲ್ಲಿಗೂ ಹೋದವರಲ್ಲ.

"ಛತ್ರದಲ್ಲಿ ಹೊದಿಕೆ ಕೊಡ್ತಾರೇನೆ?"

"ಗೊತ್ತಿಲ್ಲ ಅತ್ತೆ."

ಕಂಬಳಿಯೊಂದನ್ನು ಹೆಗಲ ಮೇಲೆ ಹಾಕಿಕೊಂಡರು. ಹೊಸ್ತಿಲು ದಾಟುವಾಗ ಒಂದು ಕ್ಷಣ ನಿಂತರು. ನಾನು ಬೇಡ ಅನ್ನಲಿ ಎಂದು ನಿಂತರೋ, ಚಪ್ಪಲಿಗೆ ನಿಂತರೋ. ನಾನು ಬೇಡ ಅನ್ನಲಿಲ್ಲ.

ಬೀದಿ ತನ್ನ ಕೆಲಸ ಮಾಡಿತು. ಶಾಂತವೀರಮ್ಮ ಮೊದಲು ಬಂದರು, ಆಮೇಲೆ ಅವರ ಸೊಸೆ, ಆಮೇಲೆ ಮಂಡಳಿಗೆ ಹೊರಟಿದ್ದ ತಾಳದವರು. ಯಾರೂ ಏನೂ ಕೇಳಲಿಲ್ಲ. ಒಬ್ಬಳು ಮಾತ್ರ, "ಯಾವ ಕಡೆ ರುದ್ರಕ್ಕಾ, ಯಾತ್ರೆಗಾ?" ಎಂದಳು. ಹಿಂದೆ ಯಾರೋ ಕಿಸಕ್ಕೆಂದರು. ಅತ್ತೆ ಬೀದಿಯ ನಡುವೆಯೇ ನಡೆದುಹೋದರು. ಖಾಕಿ ಚೀಲದ ಮೇಲಿನ ಅಕ್ಷರ ತಿರುವಿನವರೆಗೂ ಕಾಣುತ್ತಿತ್ತು. ಇಬ್ಬರಿಗೆಂದು ಮಾಡಿದ ಅನ್ನವನ್ನು ನಾನೊಬ್ಬಳೇ ಉಂಡೆ. ನಿದ್ದೆ ಚೆನ್ನಾಗಿ ಬಂತು, ಅದನ್ನೂ ಹೇಳಬೇಕು.

ಬೆಳಗ್ಗೆ ನಜೀರ್ ಸಾಹೇಬರು ಮೊಹರು ಒಡೆದು ಮಡಕೆಯನ್ನು ಬಾಗಿಲಿಗೆ ತಂದರು. ಬೆಳಕಿನಲ್ಲಿ ನೋಡಬೇಕೆಂಬುದು ನಿಯಮ. ಬೀದಿಯ ಎದುರಿಗೇ ಅದನ್ನು ಓರೆ ಮಾಡಿದರು. ಮೊಸರು ಅಲುಗಲಿಲ್ಲ. ಇನ್ನೂ ಓರೆ ಮಾಡಿದರು. ಮೇಲೆ ಹೊಳೆಯುವ ಕೆನೆ, ಅಂಚಿನಲ್ಲಿ ಒಂದಿಷ್ಟು ತಿಳಿನೀರು. ಚಮಚದಲ್ಲಿ ತೆಗೆದು ರುಚಿ ನೋಡಿ ತಲೆಯಾಡಿಸಿದರು. "ಗಟ್ಟಿ ಮನೆ ತಾಯಿ," ಎಂದು ಕಾಗದಕ್ಕೆ ರುಜು ಹಾಕಿದರು. ಒಂದನೇ ತಾರೀಖಿಗೆ ಕೆಲಸಕ್ಕೆ ಬರಬಹುದು.

ಹೆಂಗಸರು ಹತ್ತಿರ ಬಂದು ನೋಡಿದರು. ಓಬಳೇಶ ಇಷ್ಟು ವರ್ಷ ಸುಮ್ಮನೆ ಮಾತು ಕೇಳಿದ ಎಂದು ಯಾರಾದರೂ ಹೇಳುತ್ತಾರೇನೋ ಎಂದು ಕಾದೆ. ಶಾಂತವೀರಮ್ಮ ಕೆನ್ನೆಗೆ ಬೆರಳಿಟ್ಟು, ತನಗೆ ಅವತ್ತಿನಿಂದಲೂ ರುದ್ರಕ್ಕನ ಮೇಲೆ ಅನುಮಾನ ಇತ್ತು ಎಂದರು. ಉಳಿದವರಿಗೂ ಇತ್ತಂತೆ. ಒಬ್ಬಳಂತೂ ತನ್ನ ಗಂಡನಿಗೆ ಹೇಳಿಯೇ ಇದ್ದಳಂತೆ. ಇಷ್ಟು ತಿಳಿದವರು ದಿನವೂ ಚುಚ್ ಅಂದದ್ದು ಯಾರಿಗೆಂದು ನಾನು ಕೇಳಲಿಲ್ಲ. ಅಷ್ಟರಲ್ಲಿ ಅವರು ಮಂಡಳಿಗೆ ಹೊಸ ಮುಖ್ಯಸ್ಥೆ ಯಾರಾಗಬೇಕೆಂಬ ಮಾತಿಗೆ ಹೋಗಿದ್ದರು.

ಮಡಕೆಯನ್ನು ಓಬಳೇಶನ ಫೋಟೋದ ಮುಂದೆ ಇಡಬೇಕೆಂದು ನನಗೆ ಅನ್ನಿಸಲಿಲ್ಲ. ಅವನಿಗೆ ಬೇಕಾಗಿದ್ದಾಗ ಅದು ಆಗಲಿಲ್ಲ. ಹಿಂದಿನ ದಿನದ ಅನ್ನಕ್ಕೆ ಹಾಕಿಕೊಂಡು ನಿಂತೇ ತಿಂದೆ. ಮೊಸರು ಮೊಸರಿನ ಹಾಗೆಯೇ ಇತ್ತು.

ಅತ್ತೆ ಬಿಸಿಲು ಏರಿದ ಮೇಲೆ ಬಂದರು. ಒಳಗೆ ಬರಲಿಲ್ಲ. ಜಗಲಿಯ ತುದಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವರಂತೆ ಕೂತರು. ಎದುರು ಮನೆಯ ಬಾಗಿಲು ಮುಚ್ಚಿತು, ಕಿಟಕಿ ತೆರೆಯಿತು. ಅತ್ತೆ, ಕೆಲಸ ಆಯಿತಾ ಎಂದು ಕೇಳಿದರು. ಆಯಿತು ಎಂದೆ. ಹೊದಿಕೆ ಕೊಡುತ್ತಾರೆ, ತಿಗಣೆ ಇದೆ ಎಂದರು. ಒಳಗೆ ಬನ್ನಿ ಎಂದು ಕರೆಯಲು ನನಗೆ ಬಾಯಿ ಬರಲಿಲ್ಲ, ಹೋಗಿ ಎನ್ನಲೂ ಬರಲಿಲ್ಲ. ಬಾಗಿಲಿಗೆ ಅಡ್ಡವಾಗಿ ನಿಂತಿದ್ದವಳು ಪಕ್ಕಕ್ಕೆ ಸರಿದೆ. ಸ್ವಲ್ಪ ಹೊತ್ತಿನ ಮೇಲೆ ಅವರು ಎದ್ದು ಒಳಗೆ ಬಂದು, ಕೈಕಾಲು ತೊಳೆದುಕೊಂಡರು.

ಆ ಸಂಜೆ ಹಾಲು ಕಾಯಿಸಿದರು. ಶಾಂತವೀರಮ್ಮನ ಮನೆಗೆ ಹೋಗಲಿಲ್ಲ. ಮಡಕೆಯ ತಳದಲ್ಲಿ ಉಳಿದಿದ್ದ ಮೊಸರನ್ನೇ ಒಂದು ಚಮಚ ತೆಗೆದು ಹೆಪ್ಪು ಹಾಕಿದರು. ಬೇರೆ ಏನು ಮಾಡಬೇಕೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ.

ಬೆಳಗ್ಗೆ ಎದ್ದಾಗ ಬೀದಿಯಲ್ಲಿ ನೀರು ಹಾಕುವ ಸದ್ದು ಕೇಳುತ್ತಿತ್ತು. ಎಂದಿಗಿಂತ ಹೆಚ್ಚು ಜನ ಹೊರಗಿದ್ದರು, ಒಂದೊಂದು ರಂಗೋಲಿಗೆ ಇಬ್ಬಿಬ್ಬರು. ಅತ್ತೆ ಪಾತ್ರೆಯನ್ನು ಎತ್ತಿಕೊಂಡು ಬಾಗಿಲವರೆಗೆ ಹೋದರು. ನಾನು ಒಳಕೋಣೆಯ ಕದದ ಹಿಂದೆ ನಿಂತಿದ್ದೆ. ಯಾರ ಹೆಸರು ಹೇಳುತ್ತಾರೆಂದು ಕೇಳಬೇಕಿತ್ತು. ಬೀದಿಗೂ ಅದೇ ಬೇಕಿತ್ತು. ಅವರು ಮುಚ್ಚಳ ತೆಗೆದರು. ಹಾಲು ಹಾಲಾಗಿಯೇ ಇತ್ತು. ಅದನ್ನು ನೋಡಿದರು, ಎದುರಿನವರನ್ನೂ ನೋಡಿದರು. ಮುಚ್ಚಳ ಹಾಕಿಕೊಂಡು ಅಡುಗೆಮನೆಗೆ ಹಿಂದಿರುಗಿ, ಪಾತ್ರೆಯನ್ನು ಒಲೆಯ ಮೇಲಿಟ್ಟರು.

"ಕಾಫಿಗೆ ಆಗ್ತದೆ," ಎಂದರು. "ನಿನಗೂ ಹಾಕ್ಲಾ?"